ಕುದುರೆಮುಖ ವೀಕೆಂಡ್ ಟ್ರೆಕ್, ಸಂಸೆ ಕಡೆ ಹೋಮ್‌ಸ್ಟೇ: ಪೂರ್ತಿ ದುಡ್ಡು ಮೊದ್ಲೇ ಕೇಳ್ತಿದಾರೆ, ಹಾಕ್ಬೋದಾ?

ಶನಿವಾರದ ಸವಾರ
ಎಲ್ರಿಗೂ ನಮಸ್ಕಾರ. ನಾವು ಆಫೀಸಿನ ನಾಲ್ಕು ಜನ ನವೆಂಬರಲ್ಲಿ ಒಂದು ವೀಕೆಂಡ್ ಕುದುರೆಮುಖ ಹತ್ತೋಣ ಅಂತಿದೀವಿ. ಶುಕ್ರವಾರ ರಾತ್ರಿ ಬೆಂಗ್ಳೂರಲ್ಲಿ ಬಸ್ ಹತ್ತೋದು, ಬೆಳಿಗ್ಗೆ ಕಳಸ, ಅಲ್ಲಿಂದ ಹೋಮ್‌ಸ್ಟೇ, ತಿಂಡಿ ತಿಂದು ಅವತ್ತೇ ಟ್ರೆಕ್, ರಾತ್ರಿ ಅಲ್ಲೇ ಮಲಗಿ ಭಾನುವಾರ ವಾಪಸ್. ಸಂಸೆ ಹತ್ರ ಒಂದು ಹೋಮ್‌ಸ್ಟೇಗೆ ಫೋನ್ ಮಾಡಿದ್ದೆ, ಊಟ ತಿಂಡಿ ಜೀಪು ಪರ್ಮಿಷನ್ನು ಎಲ್ಲಾ ಸೇರಿ ತಲೆಗಿಷ್ಟು ಅಂತ ರೇಟ್ ಹೇಳಿ, ಪೂರ್ತಿ ದುಡ್ಡು ಇವತ್ತೇ ಹಾಕಿದ್ರೆ ರೂಮ್ ಹಿಡಿದಿಡ್ತೀನಿ ಅಂದ್ರು. ಪರ್ಮಿಷನ್ ಯಾರ ಹೆಸರಲ್ಲಿ ಮಾಡ್ತೀರ, ಐಡಿ ಕಳಿಸ್ಲಾ ಅಂದ್ರೆ "ಅದೆಲ್ಲ ನಾವ್ ನೋಡ್ಕೋತೀವಿ ಬಿಡಿ ಸಾರ್" ಅಷ್ಟೇ ಉತ್ರ. ನಂಗ್ಯಾಕೋ ಡೌಟು.

ಇನ್ನೊಂದು ವಿಷ್ಯ, ನಮ್ಮಮ್ಮ ನಾನೂ ಬರ್ತೀನಿ ಅಂತ ಹಟ ಹಿಡ್ಕೊಂಡು ಕೂತಿದಾರೆ. ವಯಸ್ಸು 58, ದಿನಾ ವಾಕಿಂಗ್ ಹೋಗ್ತಾರೆ, ಆದ್ರೆ ಮೆಟ್ಲು ಇಳಿಯುವಾಗ ಮಂಡಿ ಹಿಡ್ಕೊಳುತ್ತೆ. ಕರ್ಕೊಂಡ್ ಹೋಗ್ಬೋದಾ?

ಗುಡ್ಡಗಾಡು
ಹಾಕ್ಬೇಡಿ.

ಕೊಟ್ಟಿಗೆಹಾರದ ಮಂಜು
ಮೇಲಿನವ್ರು ಒಂದೇ ಪದದಲ್ಲಿ ಮುಗಿಸಿಬಿಟ್ರು, ಸ್ವಲ್ಪ ಬಿಡಿಸಿ ಹೇಳ್ತೀನಿ. ಮೊದ್ಲು ಪರ್ಮಿಷನ್, ಆಮೇಲೆ ಹೋಮ್‌ಸ್ಟೇ, ಕೊನೆಗೆ ಬಸ್ಸು. ಎಲ್ರೂ ಇದನ್ನ ಉಲ್ಟಾ ಮಾಡ್ತಾರೆ. ಈಗ ಅರಣ್ಯ ಇಲಾಖೆದು "ಅರಣ್ಯ ವಿಹಾರ" ಅಂತ ವೆಬ್‌ಸೈಟ್ ಇದೆ, 2024ರ ಅಕ್ಟೋಬರಲ್ಲಿ ಶುರುವಾಗಿದ್ದು, ಅದ್ರಲ್ಲೇ ಬುಕ್ ಆಗ್ಬೇಕು. ಒಂದು ಟ್ರೆಕ್‌ಗೆ ದಿನಕ್ಕೆ 300 ಜನ ಅಂತ ಮಿತಿ ಇಟ್ಟಿದಾರೆ. ಹೋಗೋರ ಹೆಸ್ರು, ಐಡಿ ನಂಬರ್ ಎಲ್ಲಾ ಹಾಕ್ಬೇಕು. ನಿಮ್ಮ ಐಡಿನೇ ತಗೊಳ್ದೆ ನಿಮ್ ಹೆಸರಲ್ಲಿ ಹೆಂಗ್ರೀ ಬುಕ್ ಮಾಡ್ತಾರೆ? ಒಂದೋ ಇನ್ಯಾರದೋ ಹೆಸರಲ್ಲಿ ಹಿಡಿದಿಟ್ಟಿರೋ ಟಿಕೆಟ್ ಕೊಡ್ತಾರೆ, ಇಲ್ಲಾಂದ್ರೆ ಶನಿವಾರ ಬೆಳಿಗ್ಗೆ "ಇವತ್ತು ಸಿಗ್ಲಿಲ್ಲ ಸಾರ್, ಬನ್ನಿ ಜೀಪಲ್ಲಿ ಫಾಲ್ಸ್ ತೋರಿಸ್ತೀನಿ" ಅಂತ ಸೋಮಾವತಿ ಫಾಲ್ಸ್‌ಗೆ ಕರ್ಕೊಂಡ್ ಹೋಗ್ತಾರೆ. ಫಾಲ್ಸ್ ಚೆನ್ನಾಗೇ ಇದೆ, ಆದ್ರೆ ನೀವು ಬಂದಿದ್ದು ಬೆಟ್ಟಕ್ಕಲ್ವಾ.

ನೀವೇ ಕೂತು ಬುಕ್ ಮಾಡಿ, ಒಬ್ರ ಲಾಗಿನ್‌ನಲ್ಲೇ ನಾಲ್ಕೂ ಜನಕ್ಕೆ ಆಗುತ್ತೆ. ಗೈಡ್ ಬೇಕಾ, ಅದರ ಫೀಸ್ ಸೇರಿದ್ಯಾ ಅನ್ನೋದನ್ನ ಅಲ್ಲೇ ನೋಡ್ಕೊಳ್ಳಿ. ಟಿಕೆಟ್ ಡೌನ್‌ಲೋಡ್ ಮಾಡಿ ಪ್ರಿಂಟೂ ಇಟ್ಕೊಳ್ಳಿ, ಟ್ರೆಕ್ ಶುರುವಾಗೋ ಮುಳ್ಳೋಡಿಯಲ್ಲಿ ನೆಟ್‌ವರ್ಕ್ ನೆಚ್ಕೊಂಡು ಫೋನ್ ತೆಗೆದ್ರೆ ಚಕ್ರ ತಿರುಗ್ತಾನೇ ಇರುತ್ತೆ.

ಧಾರ್ವಾಡ ಬಸಣ್ಣ
ಮೊದ್ಲ ಹಿಂಗ ಇರ್ಲಿಲ್ರೀ. ಚೆಕ್‌ಪೋಸ್ಟ್‌ನಾಗ ಹೆಸ್ರು ಬರಿಸಿ, ರೊಕ್ಕಾ ಕೊಟ್ಟು, ಸೀದಾ ಹೋಗೂದಿತ್ತು. ಈಗ ಗುಡ್ಡಾ ಹತ್ತಾಕೂ ಕಂಪ್ಯೂಟರ್ ಕಲೀಬೇಕಂದ್ರ ಹೆಂಗ? ಸಿನಿಮಾ ಟಿಕೆಟ್ ಮಾಡ್ಯಾರ ನೋಡ್ರಿ ಕಾಡನ್ನ.

ಕೊಟ್ಟಿಗೆಹಾರದ ಮಂಜು
ಬಸಣ್ಣ ಅವ್ರೇ, 2024ರ ಜನವರಿ ಕೊನೇಲಿ ಕುಮಾರ ಪರ್ವತದ ವಿಡಿಯೋ ನೋಡಿಲ್ವಾ ನೀವು? ರಜೆ ಅಂತ ಸಾವಿರಾರು ಜನ ಒಂದೇ ಸಲ ಹತ್ತೋಕೆ ಹೋಗಿ ಕಾಡಲ್ಲಿ ಕ್ಯೂ ನಿಂತಿತ್ತು. ಅದಾದ್ಮೇಲೇ ಆನ್‌ಲೈನ್ ಬುಕಿಂಗ್ ಇಲ್ದಿರೋ ಟ್ರೆಕ್ ಎಲ್ಲಾ ಬಂದ್ ಮಾಡಿ ಈ ವ್ಯವಸ್ಥೆ ತಂದಿದ್ದು. 300ಕ್ಕೂ ಮೇಲೆ ಬೇಕು ಅಂತೀರಾ?

ಧಾರ್ವಾಡ ಬಸಣ್ಣ
300 ಬ್ಯಾಡಂದಿಲ್ರೀ ನಾ. ಆ 300ರಾಗ ಎಷ್ಟು ಟಿಕೆಟ್ ಟೂರ್ ಮಾಡ್ಸಾವ್ರ ಕೈಯಾಗ ಹೊಕ್ಕಾವು ಅಂತ ಕೇಳಾಕತ್ತೀನಿ. ಬುಕಿಂಗ್ ಬಿಟ್ಟ ಸ್ವಲ್ಪ ಹೊತ್ತಿಗೇ ಶನಿವಾರದ್ದು ಖಾಲಿ ಅಂತ ತೋರಿಸ್ತದ. ನಾವು ಊಟಾ ಮಾಡಿ ಕೈ ತೊಳ್ಕೊಂಡು ಬರೂದ್ರಾಗ ಮುಗದಿರ್ತದ.

ಗುಡ್ಡಗಾಡು
ಇದು ಮಾತ್ರ ಹಂಡ್ರೆಡ್ ಪರ್ಸೆಂಟ್ ನಿಜ.

ಅಡಿಕೆ ತೋಟದ ಹುಡುಗ
ನಾನು ಆ ಕಡೆಯವನೇ. ಮನೇಲಿ ಮೂರು ಕೋಣೆ ಬಂದೋರಿಗೆ ಕೊಡ್ತೀವಿ. ಮನೆ ಹೆಸ್ರು ಹೇಳಲ್ಲ, ಇಲ್ಲಿ ಜಾಹೀರಾತು ಮಾಡ್ತಾನೆ ಅಂತೀರಿ ಮತ್ತೆ. ಪರ್ಮಿಷನ್ ವಿಷಯದಲ್ಲಿ ಮಂಜು ಹೇಳಿದ್ದು ಸರಿ, ನಾವೂ ಬಂದೋರಿಗೆ ಅದನ್ನೇ ಹೇಳದು, ನೀವೇ ಮಾಡ್ಕಂಡು ಬನ್ನಿ ಅಂತ. ಆದ್ರೆ ಅಡ್ವಾನ್ಸ್ ಕೇಳೋರೆಲ್ಲ ಕಳ್ರು ಅನ್ನೋ ತರ ಮಾತಾಡ್ತಿದೀರಲ್ಲ, ಅದ್ಕೆ ಬರೀತಿದೀನಿ.

ಕಳೆದ ಸೀಸನ್ನಲ್ಲಿ ಹತ್ತು ಜನ ಬರ್ತೀವಿ ಅಂತ ಹೇಳಿದ್ರು, ಅಡ್ವಾನ್ಸ್ ಬೇಡ ನಂಬಿಕೆ ಮುಖ್ಯ ಅಂತ ನಾವೂ ಸುಮ್ನಾದ್ವಿ. ಅಮ್ಮ ಹಿಂದಿನ ರಾತ್ರಿನೇ ಕಡುಬಿಗೆ ಅಂತ ಅಕ್ಕಿ ತರಿ ಮಾಡಿ ಇಟ್ರು, ಅಪ್ಪ ಕಳಸಕ್ಕೆ ಹೋಗಿ ಕೋಳಿ ತಂದ್ರು. ಬೆಳಿಗ್ಗೆ ಫೋನ್ ಮಾಡಿದ್ರೆ ಸ್ವಿಚ್ ಆಫ್. ಮಧ್ಯಾಹ್ನ ಗೊತ್ತಾಯ್ತು, ಅವ್ರು ಮೂರು ಕಡೆ ಹೇಳಿಟ್ಟಿದ್ರು, ಬೆಳಿಗ್ಗೆ ಬಂದು ಯಾವ್ದು ಚೆನ್ನಾಗಿದೆ ನೋಡಿ ಅಲ್ಲಿ ಇಳ್ಕಂಡಿದಾರೆ. ಒಂದು ಹೂಂ ಇಲ್ಲ ಹಾಂ ಇಲ್ಲ. ಈಗ ಅರ್ಧ ಹಾಕಿಸ್ಕಳ್ದೆ ಯಾರಿಗೂ ಹೂಂ ಅನ್ನಲ್ಲ ನಾವು. ಅರ್ಧ ಕೇಳದು ನ್ಯಾಯ. ಪೂರ್ತಿ ಕೇಳಿದ್ರೆ ನಾನೂ ಕೊಡ್ಬೇಡಿ ಅಂತೀನಿ.

ಮತ್ತೆ ಬರೋರಿಗೆ ಒಂದು ಮಾತು. ನವೆಂಬರ್ ಅಂದ್ರೆ ನಮಗೆ ಅಡಿಕೆ ಕೊಯ್ಲು. ರಾತ್ರಿ ಹತ್ತು ಗಂಟೆ ತನಕ ಜಗಲಿ ಮೇಲೆ ಅಡಿಕೆ ಸುಲಿಯೋಕೆ ಜನ ಕೂತಿರ್ತಾರೆ, ಅವ್ರು ಬೆಳಿಗ್ಗೆ ಮತ್ತೆ ಏಳ್ಬೇಕು. ನೀವು ಹನ್ನೊಂದು ಗಂಟೆಗೆ ಸ್ಪೀಕರ್ ಹಾಕಿ ಕುಣಿದ್ರೆ ಎಂತ ಮಾಡದು? ನೀರೂ ಹಂಗೇ. ನಮ್ದು ಬೋರ್‌ವೆಲ್ ಅಲ್ಲ, ಗುಡ್ಡದ ಹಳ್ಳದಿಂದ ಪೈಪ್ ಹಾಕಿ ತಂದಿದ್ದು. ಪೈಪಿನ ಬಾಯಿಗೆ ಒಂದು ಹಿಡಿ ಎಲೆ ಬಂದು ಕೂತ್ರೆ ಮನೆ ನಲ್ಲಿ ಗೊರಗೊರ ಅಂತ ಶಬ್ದ ಮಾಡಿ ನಿಂತೋಗ್ತದೆ, ಅಪ್ಪ ಟಾರ್ಚ್ ಹಿಡ್ಕಂಡು ಕತ್ತಲೇಲಿ ಮೇಲೆ ಹತ್ತಿ ಎಲೆ ತೆಗ್ದು ಬರ್ಬೇಕು. ಒಬ್ರು ನಲ್ಲಿ ಬಿಟ್ಕಂಡೇ ಶೇವ್ ಮಾಡ್ತಿದ್ರು, ಇಪ್ಪತ್ತು ನಿಮಿಷ. ಹಂಡೆ ಒಲೆಗೆ ಸೌದೆ ತುಂಬಿ ಬಿಸಿನೀರು ಕಾಯ್ಸದು ನಮ್ಮಮ್ಮ, ಗೀಸರ್ ಅಲ್ಲ ಅದು, ಮುಗಿದ್ಮೇಲೆ ಇನ್ನೊಂದು ಹಂಡೆ ಕಾಯೋಕೆ ಮುಕ್ಕಾಲು ಗಂಟೆ ಬೇಕು.

ಸಿಲ್ಕ್‌ಬೋರ್ಡ್ ಸಂತ್ರಸ್ತೆ
ಒಪ್ಕೋತೀನಿ ಅಣ್ಣ, ಆದ್ರೆ ಇನ್ನೊಂದು ಸೈಡೂ ಇದೆ. ನಾವ್ ಹೋಗಿದ್ ಕಡೆ ಮನೆಯೋರೇ ಇರ್ಲಿಲ್ಲ! ಜಾಗ ಲೀಸಿಗೆ ತಗೊಂಡಿರೋದು ಸಿಟಿಯೋರು, ನೋಡ್ಕೊಳೋಕೆ ಇಬ್ರು ಹುಡುಗ್ರು, ತಗಡಿನ ಶೀಟ್ ಹಾಕಿ ಸಾಲಾಗಿ ಹನ್ನೆರಡು ರೂಮು, ಪಕ್ಕದ ರೂಮಲ್ಲಿ ಸೀನಿದ್ರೆ ನಮಗೆ ಕೇಳ್ಸುತ್ತೆ. ಊಟಕ್ಕೆ ಗೋಬಿ ಮಂಚೂರಿ, ಫ್ರೈಡ್ ರೈಸು. ಅದನ್ನ ತಿನ್ನೋಕೆ ಮುನ್ನೂರು ಕಿಲೋಮೀಟರ್ ಬರ್ಬೇಕಿತ್ತಾ ನಾನು? ಬೋರ್ಡ್ ಮೇಲೆ ಮಾತ್ರ ದೊಡ್ದಾಗಿ "ಮಲೆನಾಡ ಮನೆ ಊಟ".

ಅಡಿಕೆ ತೋಟದ ಹುಡುಗ
ಅದು ಹೋಮ್‌ಸ್ಟೇನೇ ಅಲ್ಲ ಅಕ್ಕ, ಲಾಡ್ಜು. ಹೋಮ್‌ಸ್ಟೇ ಅಂದ್ರೆ ಮನೆಯೋರು ಅಲ್ಲೇ ವಾಸ ಇರ್ಬೇಕು, ಪ್ರವಾಸೋದ್ಯಮ ಇಲಾಖೇಲಿ ನೋಂದಣಿ ಆಗಿರ್ಬೇಕು. ಫೋನ್ ಮಾಡಿದಾಗ ನೋಂದಣಿ ಇದ್ಯಾ ಅಂತ ಕೇಳಿ. ಇನ್ನೊಂದು ಉಪಾಯ ಹೇಳ್ಲಾ, ರಾತ್ರಿ ಊಟಕ್ಕೆ ಎಂತ ಮಾಡ್ತೀರಿ ಅಂತ ಕೇಳಿ. ಮೆನು ಕಾರ್ಡ್ ವಾಟ್ಸಾಪ್ ಮಾಡ್ತೀನಿ ಅಂದ್ರೆ ಫೋನ್ ಇಡಿ. "ತಡೀರಿ, ಅಮ್ಮನ್ ಕೇಳಿ ಹೇಳ್ತೀನಿ" ಅಂದ್ರೆ ಹೋಗ್ಬೋದು.

ಸಿಲ್ಕ್‌ಬೋರ್ಡ್ ಸಂತ್ರಸ್ತೆ
ಹಹಹ ಇದನ್ನ ಸ್ಕ್ರೀನ್‌ಶಾಟ್ ತೆಗ್ದಿಟ್ಕೊಂಡೆ.

ಕುಡ್ಲದ ಬಂಗುಡೆ
ಅಮ್ಮನ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲೇ ಇಲ್ಲ ಅಲ್ವಾ ಮಾರಾಯ್ರೆ! ಬೇಡ, ಬೆಟ್ಟಕ್ಕೆ ಬೇಡ. ಹೋಗಿ ಬರ್ಲಿಕ್ಕೆ ಹತ್ತಿರ ಹತ್ತಿರ 20 ಕಿಲೋಮೀಟರ್ ಉಂಟು, ಒಳ್ಳೇ ನಡಿಗೆ ಇದ್ದವ್ರಿಗೂ ಏಳೆಂಟು ಗಂಟೆ ಬೇಕು. ಹತ್ತುವಾಗ ಅವ್ರು ನಿಮಗಿಂತ ಮುಂದೆ ಹೋದಾರು, ಆದ್ರೆ ಮಂಡಿಯ ಕಥೆ ಗೊತ್ತಾಗುದು ಇಳಿಯುವಾಗ. ಮೇಲಿನ ಕಡೆ ದಾರಿ ಕಡಿದು, ಸಣ್ಣ ಕಲ್ಲು ಜಾರ್ತದೆ, ಅರ್ಧದಲ್ಲಿ ಆಗುದಿಲ್ಲ ಅಂದ್ರೆ ಎತ್ತಿಕೊಂಡು ಬರ್ಲಿಕ್ಕೆ ಜೀಪೂ ಇಲ್ಲ ಏನೂ ಇಲ್ಲ. ಬಾಳೆಗಲ್‌ನಿಂದ ಮುಳ್ಳೋಡಿಗೆ ಜೀಪಿನಲ್ಲಿ ಹೋಗುವಾಗ್ಲೇ ಸೊಂಟ ಒಂದು ಕಡೆ, ತಲೆ ಒಂದು ಕಡೆ.

ಆದ್ರೆ ಅವ್ರನ್ನು ಮನೇಲಿ ಬಿಟ್ಟು ಹೋಗ್ಬೇಡಿ, ಊರಿಗೆ ಕರ್ಕೊಂಡು ಹೋಗಿ. ನೀವು ಬೆಟ್ಟ ಹತ್ತುವಾಗ ಅವ್ರು ಕಳಸೇಶ್ವರ ದೇವಸ್ಥಾನ, ಹೊರನಾಡು ಅನ್ನಪೂರ್ಣೇಶ್ವರಿ ನೋಡಿ ಅಲ್ಲೇ ಊಟ ಮಾಡಿ ಬರ್ಲಿ. ಹೊರನಾಡಿನ ಹತ್ತಿರ ಕ್ಯಾತನಮಕ್ಕಿ ಗುಡ್ಡ ಉಂಟು, ಜೀಪ್ ಮೇಲಿನವರೆಗೆ ಹೋಗ್ತದೆ, ಅಲ್ಲಿ ನಿಂತ್ರೆ ಸುತ್ತಲೂ ಬೆಟ್ಟವೇ ಬೆಟ್ಟ.

ಶನಿವಾರದ ಸವಾರ
ಅಮ್ಮಂಗೆ ಇದನ್ನ ಓದಿ ಹೇಳ್ದೆ. "ಇಳಿಯೋದನ್ನ ಆಮೇಲೆ ನೋಡ್ಕೊಳೋಣ" ಅಂತಾರೆ.

ಕುಡ್ಲದ ಬಂಗುಡೆ
ಬೆಟ್ಟದ ತುದಿಯಲ್ಲಿ "ಆಮೇಲೆ" ಅನ್ನುದು ಬಂದೇ ಬರ್ತದೆ ಅಂತ ಹೇಳಿ ಅವ್ರಿಗೆ 😄

ನಿದ್ದೆಗೆಟ್ಟ ರಾಯರು
ಪ್ಲಾನ್‌ನಲ್ಲೇ ಎಡವಟ್ಟಿದೆ. ರಾತ್ರಿ ಪೂರ್ತಿ ಮೂಡಿಗೆರೆ ಕೊಟ್ಟಿಗೆಹಾರ ತಿರುವುಗಳಲ್ಲಿ ತೂಗಾಡ್ಕೊಂಡು ಬಂದು, ಹಲ್ಲುಜ್ಜಿ, ತಿಂಡಿ ಆಗೋವರೆಗೆ ಕಾದು, ಜೀಪ್ ಹಿಡ್ದು, ಚೆಕ್‌ಪೋಸ್ಟ್‌ಗೆ ಹೋಗೋ ಹೊತ್ತಿಗೆ ಬಿಸಿಲು ಏರಿರುತ್ತೆ. ಸಂಜೆಯೊಳಗೆ ಎಲ್ರೂ ಕೆಳಗೆ ಬಂದಿರ್ಬೇಕು, ಮೇಲೆ ಟೆಂಟ್ ಹಾಕೋ ಹಾಗೇ ಇಲ್ಲ, ಲೇಟಾದ್ರೆ ಗೈಡ್ ಅರ್ಧ ದಾರಿಯಿಂದ ವಾಪಸ್ ಕರ್ಕೊಂಡ್ ಬರ್ತಾರೆ. ಶನಿವಾರ ಸುಮ್ನೆ ಊರಲ್ಲಿರಿ, ಭಾನುವಾರ ಬೆಳಕು ಹರಿಯೋ ಹೊತ್ತಿಗೆ ಹತ್ತಿ, ರಾತ್ರಿ ಬಸ್ ಹಿಡೀರಿ.

ಗುಡ್ಡಗಾಡು
20 ಕಿ.ಮೀ. ನಡೆದು ಅದೇ ರಾತ್ರಿ ಸೀಟಲ್ಲಿ ಕೂತ್ಕೊಂಡು ಬೆಂಗಳೂರು! ಸೋಮವಾರ ಕಾಲು ಮಡಚೋಕಾಗಲ್ಲ, ಆಫೀಸಲ್ಲಿ ಮೆಟ್ಲು ಇಳಿಯುವಾಗ ಹಿಂದೆಮುಂದಾಗಿ ಇಳೀಬೇಕು.

ನಿದ್ದೆಗೆಟ್ಟ ರಾಯರು
ಸೋಮವಾರ ರಜೆ ಹಾಕ್ರೀ! ಇಲ್ಲಾಂದ್ರೆ ಆಫೀಸಲ್ಲೇ ಕೂತು ನರಳಿ, ಸಂಬಳ ಆದ್ರೂ ಬರುತ್ತೆ. ಜೀವ ಹಿಡ್ಕೊಂಡು ನಿದ್ದೆಗಣ್ಣಲ್ಲಿ ಬೆಟ್ಟ ಹತ್ತೋದಕ್ಕಿಂತ ಅದೇ ವಾಸಿ. ದಾರಿ ಮಧ್ಯೆ ಸಿಗೋ ಒಂಟಿಮರದ ಹತ್ರ ಎಷ್ಟೋ ಜನ ಸುಸ್ತಾಗಿ ಕೂತ್ಬಿಟ್ಟು "ವ್ಯೂ ಇಲ್ಲೇ ಚೆನ್ನಾಗಿದೆ" ಅಂತ ಹೇಳೋದು ಯಾಕೆ ಅನ್ಕೊಂಡ್ರಿ.

ಎಲೆಮರೆ
ನವೆಂಬರಲ್ಲಿ ಜಿಗಣೆ ಇರುತ್ತಾ? ನಂಗೆ ಅದೊಂದೇ ಭಯ.

ಅಡಿಕೆ ತೋಟದ ಹುಡುಗ
ಮಳೆ ಹೆಂಗಿದೆ ಅನ್ನೋದರ ಮೇಲೆ. ಹುಲ್ಲುಗಾವಲಲ್ಲಿ ಇಂಬಳ ಕಮ್ಮಿ, ಶೋಲಾ ಕಾಡಿನ ಒಳಗೆ ಮತ್ತೆ ಹಳ್ಳ ದಾಟೋ ಕಡೆ ಇರ್ತವೆ. ಹೊಗೆಸೊಪ್ಪು ಸುಣ್ಣ ಕಲಸಿ ಕಾಲಿಗೆ ಹಚ್ಕಳಿ. ಭಯ ಎಂತಕ್ಕೆ, ಹೊಟ್ಟೆ ತುಂಬಿದ್ರೆ ಅದೇ ಬಿದ್ದೋಗ್ತದೆ.

ಸಿಲ್ಕ್‌ಬೋರ್ಡ್ ಸಂತ್ರಸ್ತೆ
"ಹೊಟ್ಟೆ ತುಂಬಿದ್ರೆ ಅದೇ ಬಿದ್ದೋಗುತ್ತೆ" ಅಂತ ಎಷ್ಟು ಆರಾಮಾಗಿ ಹೇಳ್ತಾರಪ್ಪ ಮಲ್ನಾಡಿನವ್ರು. ತುಂಬೋದು ಯಾರ ರಕ್ತದಲ್ಲಿ?

ಡಾಕ್ಟ್ರ ಮಗ
ಕಚ್ಚಿದ್ರೆ ಉಪ್ಪು ಸುರಿಯೋದು, ಬೆಂಕಿಕಡ್ಡಿ ಇಡೋದು ಮಾಡ್ಬೇಡಿ. ಉಗುರಿಂದ ಬಾಯಿ ಹತ್ರ ಮೆಲ್ಲಗೆ ಕೆರೆದು ಪಕ್ಕಕ್ಕೆ ಸರಿಸಿದ್ರೆ ಬಿಡುತ್ತೆ. ಅದರ ಜೊಲ್ಲಲ್ಲಿ ಹಿರುಡಿನ್ ಅಂತ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಅಂಶ ಇದೆ, ಅದಕ್ಕೇ ಬಿಟ್ಟ ಮೇಲೂ ಸುಮಾರು ಹೊತ್ತು ರಕ್ತ ಸೋರ್ತಾ ಇರುತ್ತೆ. ಸಾಕ್ಸ್ ಕೆಂಪಾಗಿರೋದು ನೋಡಿ ಗಾಬರಿ ಬೀಳ್ತಾರೆ, ತೊಳ್ದು ಒತ್ತಿ ಹಿಡಿದು ಪಟ್ಟಿ ಕಟ್ಟಿದ್ರೆ ಸಾಕು.

ನಿಜವಾಗಿ ಹೆದರ್ಬೇಕಾಗಿರೋದು ಜಿಗಣೆಗಲ್ಲ, ಉಣುಗಿಗೆ. ಮಂಗನ ಕಾಯಿಲೆ ಹರಡೋದು ಅದ್ರಿಂದ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಸಿಕ್ಕಿದ್ದು, ಈಗ ಚಿಕ್ಕಮಗಳೂರು ಜಿಲ್ಲೆಲೂ ಕೇಸ್ ಬರ್ತಾವೆ. ಡಿಸೆಂಬರಿಂದ ಮೇವರೆಗೆ ಜಾಸ್ತಿ. ತರಗೆಲೆ ಮೇಲೆ ಕೂರೋದು, ಮಲಗಿ ಫೋಟೋ ತೆಗೆಸ್ಕೊಳೋದು ಬೇಡ. ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟ್ ತುದಿ ಸಾಕ್ಸ್ ಒಳಗೆ ತುರುಕಿ, ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ ಮೈ ಪೂರ್ತಿ ನೋಡ್ಕೊಳ್ಳಿ. ವಾಪಸ್ ಬಂದು ಒಂದು ವಾರದಲ್ಲಿ ಜ್ವರ ಬಂದ್ರೆ ಡಾಕ್ಟ್ರಿಗೆ "ಕಾಡಿಗೆ ಹೋಗಿದ್ದೆ" ಅಂತ ಬಾಯಿ ಬಿಟ್ಟು ಹೇಳಿ, ಬೆಂಗಳೂರಲ್ಲಿ ಅವರಾಗೇ ಅದನ್ನ ಕೇಳಲ್ಲ.

ಎಲೆಮರೆ
ಥ್ಯಾಂಕ್ಸ್, ಈಗ ಎರಡು ಭಯ ಆಯ್ತು.

ನಿದ್ದೆಗೆಟ್ಟ ರಾಯರು
ಅಂದಹಾಗೆ ಕರ್ನಾಟಕದ ಎರಡನೇ ಎತ್ತರದ ಶಿಖರ ಹತ್ತಿದ್ದೀವಿ ಅಂತ ಸ್ಟೇಟಸ್ ಹಾಕೋ ಅವಕಾಶ ಬಿಡ್ಬೇಡಿ.

ಕೊಟ್ಟಿಗೆಹಾರದ ಮಂಜು
ಎರಡನೇದಲ್ಲ ರಾಯರೇ. ಮುಳ್ಳಯ್ಯನಗಿರಿ 1,930 ಮೀಟರ್, ಬಾಬಾಬುಡನ್‌ಗಿರಿ 1,895, ಕುದುರೆಮುಖ 1,894. ಮೂರನೇದು.

ನಿದ್ದೆಗೆಟ್ಟ ರಾಯರು
ಒಂದು ಮೀಟರಿಗೆ ಜಗಳನಾ? ನಾನು ತುದೀಲಿ ನಿಂತು ಕೈ ಎತ್ತಿದ್ರೆ ಎರಡನೇದೇ.

ಧಾರ್ವಾಡ ಬಸಣ್ಣ
ಮುಳ್ಳಯ್ಯನಗಿರಿಗೆ ಗಾಡಿ ತುದಿ ಹತ್ರದ ತನಕಾ ಹೋಗ್ತದ, ಅದನ್ನ ಲೆಕ್ಕಕ್ಕ ಹಿಡೀಬಾರದ್ರೀ. ನಡದು ಹೋಗೂದ್ರಾಗ ಕುದುರೆಮುಖನ ಒಂದನೇದು.

ಟೌನ್‌ಶಿಪ್ ಮಗಳು
ಕುದುರೆಮುಖ ಅಂದ್ರೆ ಎಲ್ರಿಗೂ ಈಗ ಟ್ರೆಕ್ ಮಾತ್ರ. ನಮ್ಮಪ್ಪ ಗಣಿ ಕಂಪನಿ ಕೆಲಸಕ್ಕಿದ್ರು, ನಾನು ಅಲ್ಲೇ ಟೌನ್‌ಶಿಪ್‌ನಲ್ಲಿ ಬೆಳೆದವಳು. ಕಂಪನಿ ಆಗಿದ್ದು 1976ರಲ್ಲಿ, ಇರಾನಿಗೆ ಅದಿರು ಕಳಿಸೋಕೆ ಅಂತ, ಅಲ್ಲಿ ಕ್ರಾಂತಿ ಆಗಿ ಅವರು ಕೈ ಬಿಟ್ರು, ಆದ್ರೂ ಗಣಿ ನಡೀತು. ಅದಿರನ್ನ ಪುಡಿ ಮಾಡಿ ನೀರಲ್ಲಿ ಕಲಸಿ ಪೈಪಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸ್ತಿದ್ರು. ಉಳಿದ ಕೆಸರೆಲ್ಲ ಲಕ್ಯಾ ಅಣೆಕಟ್ಟಲ್ಲಿ. 1987ರಲ್ಲೇ ಸುತ್ತ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆ ಆಗಿತ್ತು, ಹೋರಾಟ ಜೋರಾಗಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೆಗೆ ಗಣಿ ನಿಂತೇ ಹೋಯ್ತು. ತುಂಗೆ ಭದ್ರೆ ನೇತ್ರಾವತಿ ಮೂರೂ ಹುಟ್ಟೋದು ಅಲ್ಲೇ ಗಂಗಾಮೂಲದಲ್ಲಿ, ನಿಂತಿದ್ದು ಒಳ್ಳೇದೇ ಆಯ್ತು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನಮ್ಮ ಕ್ವಾರ್ಟರ್ಸ್ ಮುಂದೆ ಹೋದ ಸಲ ಕಾರಲ್ಲಿ ಹಾದು ಹೋದಾಗ ಅಡುಗೆಮನೆ ಕಿಟಕಿಯಿಂದ ಮರದ ಕೊಂಬೆ ಹೊರಗೆ ಬಂದಿತ್ತು, ಒಳಗಿಂದ ಹೊರಗೆ.

ಕುಡ್ಲದ ಬಂಗುಡೆ
ಹೌದು, ಕಾರ್ಕಳದಿಂದ ಎಸ್.ಕೆ. ಬಾರ್ಡರ್ (ಸೌತ್ ಕೆನರಾ ಗಡಿ) ಮೇಲೆ ಬರುವಾಗ ಆ ಊರು ಕಂಡ್ರೆ ಒಂಥರಾ ಆಗ್ತದೆ. ಆ ದಾರಿಯಲ್ಲಿ ಬರುವವ್ರು ನೆನಪಿಡಿ, ಚೆಕ್‌ಪೋಸ್ಟ್‌ನಲ್ಲಿ ಟೈಮ್ ಬರೆದು ಚೀಟಿ ಕೊಡ್ತಾರೆ, ನಡುವೆ ಗಾಡಿ ನಿಲ್ಲಿಸಿ ಚಿಪ್ಸ್ ತಿನ್ನುತ್ತಾ ಕೂತ್ರೆ ಆ ಕಡೆ ಗೇಟಿನಲ್ಲಿ ದಂಡ. ಮರದ ಮೇಲೆ ನೋಡ್ತಾ ಬನ್ನಿ, ಅದೃಷ್ಟ ಇದ್ರೆ ಸಿಂಗಳೀಕ ಕಾಣ್ತದೆ. ತಿನ್ಲಿಕ್ಕೆ ಏನೂ ಹಾಕ್ಬೇಡಿ ಮತ್ತೆ.

ಗುಡ್ಡಗಾಡು
ಮೇಲೆ ಪಾಳು ಬಿದ್ದಿರೋ ಹಳೇ ಚರ್ಚ್ ಒಂದಿದೆ, ಅದರ ಗೋಡೆ ಮೇಲೆ ಪ್ರೀತಿ ಪ್ರೇಮ ಕೆತ್ತೋ ಪುಣ್ಯಾತ್ಮರಿಗೂ ಯಾರಾದ್ರೂ ದಂಡ ಹಾಕ್ಬೇಕು. ಇನ್ನು ಡ್ರೋನ್ ತರೋರು, ಅಡ್ಡದಾರಿ ಹಿಡಿದು ಹುಲ್ಲು ತುಳಿಯೋರು. ಒಂದು ಮಳೆಗಾಲ ಕಳೆದ್ರೆ ಆ ಅಡ್ಡದಾರಿಯೇ ಚರಂಡಿ ಆಗಿರುತ್ತೆ, ಮಣ್ಣೆಲ್ಲ ಕೆಳಗೆ.

ಶನಿವಾರದ ಸವಾರ
ಅಪ್ಡೇಟ್: ಶನಿವಾರದ್ದು ಫುಲ್ ಆಗಿತ್ತು, ಭಾನುವಾರಕ್ಕೆ ನಾಲ್ಕು ಟಿಕೆಟ್ ನಾನೇ ಬುಕ್ ಮಾಡ್ದೆ. ರಾಯರು ಗೆದ್ರು, ಸೋಮವಾರ ರಜೆನೂ ಹಾಕಾಯ್ತು. ಮೊದಲಿನ ಹೋಮ್‌ಸ್ಟೇ ಬಿಟ್ಟು ಬೇರೆ ಮನೆಗೆ ಫೋನ್ ಮಾಡಿ ಊಟಕ್ಕೇನು ಅಂತ ಕೇಳಿದ್ರೆ ಆ ಕಡೆಯಿಂದ ಒಬ್ರು ಅಜ್ಜಿ ಫೋನ್ ಕಿತ್ಕೊಂಡು "ನಿಮಗೆ ಎಂತ ಆಗ್ತದೆ, ಅದನ್ನ ಹೇಳಿ ಮೊದ್ಲು" ಅಂದ್ರು. ಅರ್ಧ ಅಡ್ವಾನ್ಸ್ ಹಾಕ್ದೆ. ಅಮ್ಮ ಆ ಅಜ್ಜಿ ಹತ್ರ ಅರ್ಧ ಗಂಟೆ ಮಾತಾಡಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕೋದು ಹೆಂಗೆ ಅಂತ ಕೇಳ್ಕೊಂಡು, ಬೆಟ್ಟದ ಸುದ್ದಿನೇ ಬಿಟ್ಬಿಟ್ಟಿದಾರೆ. ಭಾನುವಾರ ಇಬ್ರೂ ಹೊರನಾಡಿಗೆ ಹೋಗ್ತಾರಂತೆ.

ಅಡಿಕೆ ತೋಟದ ಹುಡುಗ
ಜೀಪು ತಲೆಗಿಷ್ಟಾ, ಗಾಡಿಗಿಷ್ಟಾ ಅಂತ ಮೊದ್ಲೇ ಮಾತಾಡ್ಕಳಿ. ಗಾಡಿಗಿಷ್ಟು ಅಂದ್ರೆ ಅದೇ ಮನೇಲಿ ಇಳ್ಕಂಡಿರೋ ಬೇರೆಯೋರ ಜೊತೆ ಸೇರಿ ಹೋಗಿ, ಅರ್ಧ ಉಳೀತದೆ. ಎರಡು ಲೀಟರ್ ನೀರು, ಬುತ್ತಿ ಸ್ಟೀಲ್ ಡಬ್ಬೀಲಿ. ಪ್ಲಾಸ್ಟಿಕ್ ಕವರ್ ಚೆಕ್‌ಪೋಸ್ಟಲ್ಲೇ ತೆಗೆಸ್ತಾರೆ.

ಎಲೆಮರೆ
ಶೂ ಹೊಸದು ತಗೊಳ್ಲಾ?

ಡಾಕ್ಟ್ರ ಮಗ
ತಗೊಳೋದಾದ್ರೆ ಇವತ್ತೇ ತಗೊಂಡು ದಿನಾ ಹಾಕ್ಕೊಂಡು ಓಡಾಡಿ. ಹೊಸ ಶೂ ನೇರ ಬೆಟ್ಟಕ್ಕೆ ಹಾಕಿದ್ರೆ ಹಿಮ್ಮಡಿ ಗುಳ್ಳೆ ಗ್ಯಾರಂಟಿ.

ಧಾರ್ವಾಡ ಬಸಣ್ಣ
ಇಷ್ಟೆಲ್ಲಾ ಓದಿ ನಮಗೂ ಹೋಗೂ ಮನಸಾತು. ನಮ್ಮ ಕಡಿಂದ ಕಳಸಕ್ಕ ಹೆಂಗ ಹೋಗೂದ್ರೀ?

ಕೊಟ್ಟಿಗೆಹಾರದ ಮಂಜು
ಶಿವಮೊಗ್ಗಕ್ಕೆ ಬನ್ನಿ, ಅಲ್ಲಿಂದ ಎನ್.ಆರ್. ಪುರ, ಬಾಳೆಹೊನ್ನೂರು ಮೇಲೆ ಕಳಸ. ಬೆಂಗಳೂರಿಗೆ ಬಂದು ಸುತ್ತು ಹಾಕೋದು ಬೇಡ. ತಿರುವು ಮಾತ್ರ ಜಾಸ್ತಿ, ವಾಂತಿ ಬರೋರು ಇದ್ರೆ ಮುಂದಿನ ಸೀಟು ಹಿಡೀರಿ.

ಧಾರ್ವಾಡ ಬಸಣ್ಣ
ವಾಂತಿ ಬರೂದು ನನಗ, ಮುಂದಿನ ಸೀಟು ಯಾವಾಗ್ಲೂ ಮನಿಯವ್ರದು. ನಿಂಬೆಹಣ್ಣು ತಗೊಂಡ ಹೊಂಡ್ತೀನಿ ಬಿಡ್ರಿ.